ಅರ್ಥಿಂಗ್ ಇದ್ದರೂ ಶಾಕ್ ಹೊಡೆಯುವುದೇಕೆ? ಕೊಡಗಿನ ತೋಟ ಮತ್ತು ಕ್ಯೂರಿಂಗ್ ಘಟಕಗಳ ವಿದ್ಯುತ್ ಲೆಕ್ಕ

ಕೊಡಗಿನಲ್ಲಿ ಕಾಳುಮೆಣಸು ಕೊಯ್ಲು ಶುರುವಾದರೆ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ: ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕ ಸಾವು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಇನ್ನೊಂದು ಬಗೆಯ ಸುದ್ದಿ: ಲೋ ವೋಲ್ಟೇಜ್, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಿತು, ಮೋಟರ್ ಸುಟ್ಟಿತು, ಪಂಪ್ ಶೆಡ್ಡಿನಲ್ಲಿ ವಿದ್ಯುತ್ ಸ್ಪರ್ಶ. ಪ್ರತಿ ಸಲವೂ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಲೈನ್ ಸರಿಯಾದ ಎತ್ತರದಲ್ಲೇ ಇತ್ತು ಎಂದು ಒಬ್ಬರು, ಅರ್ಥಿಂಗ್ ಮಾಡಿಸಿದ್ದೆವು ಎಂದು ಇನ್ನೊಬ್ಬರು, ಫ್ಯೂಸ್ ಹೋಗಲೇ ಇಲ್ಲವಲ್ಲ ಎಂದು ಮತ್ತೊಬ್ಬರು. ಓದುಗರಿಗೆ ಇವರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನಿಸುವುದು ಸಹಜ.

ಹಲವು ಸಲ ಯಾರೂ ಸುಳ್ಳು ಹೇಳಿರುವುದಿಲ್ಲ. ಅರ್ಥಿಂಗ್ ಇದ್ದೂ ಜೀವ ಹೋಗಬಹುದು, ನಿಯಮದ ಎತ್ತರದಲ್ಲಿರುವ ಲೈನ್ ಏಣಿಗೆ ಸಿಗಬಹುದು, ತಂತಿ ಹರಿದು ನೆಲಕ್ಕೆ ಬಿದ್ದರೂ ಫೀಡರ್ (ಸಬ್‌ಸ್ಟೇಷನ್ನಿನಿಂದ ಬರುವ ಮುಖ್ಯ ಲೈನ್) ಟ್ರಿಪ್ ಆಗದೇ ಇರಬಹುದು. ಇವೆಲ್ಲಕ್ಕೂ ಲೆಕ್ಕವಿದೆ. ಆ ಲೆಕ್ಕ ತಿಳಿಯದೆ ನಡೆಯುವ ಚರ್ಚೆ ಕೊನೆಗೆ ‘ಇನ್ನೊಂದು ಅರ್ಥಿಂಗ್ ಗುಂಡಿ ತೋಡಿಸಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಭೂಮಿ ಎಷ್ಟು ಕರೆಂಟ್ ಎಳೆದುಕೊಳ್ಳುತ್ತದೆ?

ಮೋಟರಿನ ಕಬ್ಬಿಣದ ಮೈಯಿಂದ ತಂತಿ ಎಳೆದು ನೆಲದೊಳಗಿನ ರಾಡಿಗೆ ಕಟ್ಟಿದರೆ, ಲೀಕ್ ಆದ ಕರೆಂಟ್ ಭೂಮಿಗೆ ಇಳಿದುಹೋಗುತ್ತದೆ, ಮುಟ್ಟಿದವರಿಗೆ ಏನೂ ಆಗುವುದಿಲ್ಲ. ಅರ್ಥಿಂಗ್ ಬಗ್ಗೆ ಸಾಮಾನ್ಯವಾಗಿ ಇರುವ ನಂಬಿಕೆ ಇದು. ಆದರೆ ಕರೆಂಟ್ ಭೂಮಿಯಲ್ಲಿ ಇಂಗಿಹೋಗುವ ವಸ್ತುವಲ್ಲ. ಅದು ಹೊರಟ ಜಾಗಕ್ಕೆ, ಅಂದರೆ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ಗೆ, ಮರಳಬೇಕು. ದಾರಿಯಲ್ಲಿ ಎರಡು ತಡೆಗಳಿವೆ: ತೋಟದ ರಾಡ್ ಸುತ್ತಲಿನ ಮಣ್ಣು, ಮತ್ತು ಟಿ.ಸಿ. ಬುಡದ ಅರ್ಥಿಂಗ್ ಸುತ್ತಲಿನ ಮಣ್ಣು.

ಒಂದು ಲೆಕ್ಕ ಹಾಕೋಣ. ತೋಟದ ಅರ್ಥಿಂಗ್ 20 ಓಂ, ಟಿ.ಸಿ. ಅರ್ಥಿಂಗ್ 5 ಓಂ ಎಂದಿಟ್ಟುಕೊಳ್ಳಿ. ಒಂದು ಫೇಸಿನ ವೋಲ್ಟೇಜ್ 240. ಮೋಟರಿನೊಳಗೆ ಆ ಫೇಸ್ ಮೈಗೆ ತಗುಲಿದರೆ ಹರಿಯುವ ಕರೆಂಟ್ 240 ಭಾಗಿಸು 25, ಅಂದರೆ 9.6 ಆಂಪಿಯರ್. ಆದರೆ 10 ಎಚ್‌ಪಿ ಮೋಟರ್ ಆರೋಗ್ಯವಾಗಿ ಓಡುವಾಗಲೇ ಸುಮಾರು 14-15 ಆಂಪಿಯರ್ ಎಳೆಯುತ್ತದೆ. ದೋಷದ ಕರೆಂಟ್ ದಿನನಿತ್ಯದ ಕರೆಂಟಿಗಿಂತ ಕಡಿಮೆ! ಯಾವ ಫ್ಯೂಸೂ ಇದನ್ನು ದೋಷವೆಂದು ಗುರುತಿಸಲಾರದು. ಮೋಟರ್ ಓಡುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಅದರ ಮೈಮೇಲೆ 9.6 ಗುಣಿಸು 20, ಅಂದರೆ 192 ವೋಲ್ಟ್ ನಿಂತಿರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರು ಅದನ್ನು ಮುಟ್ಟಿದರೆ, ದೇಹದ ರೋಧ 1000 ಓಂ ಎಂದು ಹಿಡಿದರೂ 190 ಮಿಲಿ ಆಂಪಿಯರ್ ಹಾಯುತ್ತದೆ. ಹೃದಯದ ಬಡಿತ ಹದಗೆಡಲು ಅದರ ಕಾಲುಭಾಗವೇ ಸಾಕಾಗಬಹುದು.

ಹಾಗಾದರೆ ಅರ್ಥಿಂಗ್ ಇನ್ನೂ ಚೆನ್ನಾಗಿ ಮಾಡಿದರೆ? 32 ಆಂಪಿಯರ್ ಫ್ಯೂಸ್ ಬೇಗ ಕರಗಬೇಕಾದರೆ ನೂರೈವತ್ತು ಆಂಪಿಯರಾದರೂ ಹರಿಯಬೇಕು. ಅದಕ್ಕೆ ಎರಡೂ ಕಡೆಯ ಅರ್ಥಿಂಗ್ ಸೇರಿ 1.6 ಓಂ ಮೀರಬಾರದು. ಕೊಡಗಿನ ಗುಡ್ಡದ ಮಣ್ಣಿನಲ್ಲಿ ಒಂದು ಪಂಪ್‌ಸೆಟ್ಟಿಗೆ ಅಷ್ಟು ಕಡಿಮೆ ರೋಧ ತರುವುದು ಹೆಚ್ಚುಕಡಿಮೆ ಆಗದ ಮಾತು.

ಈಗ ಅದೇ ಜಾಗದಲ್ಲಿ 100 ಮಿಲಿ ಆಂಪಿಯರಿನ ಲೀಕೇಜ್ ಬ್ರೇಕರ್ ಹಾಕಿ ನೋಡಿ. ಇದು ಎಷ್ಟು ಕರೆಂಟ್ ಹೋಗುತ್ತಿದೆ ಎಂದು ನೋಡುವುದಿಲ್ಲ. ಹೋದದ್ದೆಲ್ಲ ತಂತಿಗಳಲ್ಲೇ ಮರಳಿ ಬಂತೇ ಎಂದು ನೋಡುತ್ತದೆ. 0.1 ಆಂಪಿಯರ್ ವ್ಯತ್ಯಾಸ ಕಂಡರೂ ಲೈನ್ ಕಡಿಯುತ್ತದೆ. ತೋಟದ ಅರ್ಥಿಂಗ್ 165 ಓಂನಷ್ಟು ಕಳಪೆಯಾಗಿದ್ದರೂ, ಬ್ರೇಕರ್ ಬೀಳುವ ಮಟ್ಟದಲ್ಲಿ ಮೋಟರ್ ಮೈಮೇಲೆ ಇರುವುದು 16.5 ವೋಲ್ಟ್ ಮಾತ್ರ. ಇದಕ್ಕಿಂತ ದೊಡ್ಡ ಲೀಕ್ ಆದರೆ ವೋಲ್ಟೇಜ್ ಏರಿದರೂ ಬ್ರೇಕರ್ ಕಣ್ಣುಮಿಟುಕಿಸುವಷ್ಟರಲ್ಲಿ ಬಿದ್ದಿರುತ್ತದೆ. ಅಂದರೆ, ತೋಟಗಳ ಮಟ್ಟಿಗೆ, ಒಳ್ಳೆಯ ಅರ್ಥಿಂಗ್ ಮಾತ್ರ ಇದ್ದರೆ ಅಪಾಯ, ಸಾಧಾರಣ ಅರ್ಥಿಂಗ್ ಜೊತೆ ಲೀಕೇಜ್ ಬ್ರೇಕರ್ ಇದ್ದರೆ ರಕ್ಷಣೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ.

ಕ್ಯೂರಿಂಗ್ ಘಟಕದಲ್ಲಿ ಫ್ಯೂಸ್ ಹಾರುತ್ತದೆ, ತೋಟದಲ್ಲಿ ಹಾರುವುದಿಲ್ಲ

ಕುಶಾಲನಗರದ ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ (ಕಾಫಿ ಸಂಸ್ಕರಣೆ) ಘಟಕಗಳಲ್ಲಿ ಕೆಲಸ ಮಾಡಿದ ಎಲೆಕ್ಟ್ರಿಷಿಯನ್‌ಗಳು ತೋಟಕ್ಕೆ ಬಂದಾಗ ಗೊಂದಲವಾಗುವುದು ಇಲ್ಲೇ. ಎಚ್.ಟಿ. (ಹೈ ಟೆನ್ಶನ್) ಸಂಪರ್ಕ ಪಡೆದ ಘಟಕಕ್ಕೆ ತನ್ನದೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ನ್ಯೂಟ್ರಲ್ ಮತ್ತು ಯಂತ್ರಗಳ ಅರ್ಥ್ ಪಟ್ಟಿ ಒಂದೇ ಲೋಹದ ಬಾರಿಗೆ ಕೂಡಿರುತ್ತವೆ. ದೋಷದ ಕರೆಂಟ್ ಮಣ್ಣನ್ನು ದಾಟಬೇಕಾಗಿಯೇ ಇಲ್ಲ, ಲೋಹದಲ್ಲೇ ಮರಳುತ್ತದೆ. ಆ ದಾರಿಯ ರೋಧ 0.2 ಓಂ ಇದ್ದರೆ 1200 ಆಂಪಿಯರ್ ಹರಿದು ಫ್ಯೂಸ್ ತಕ್ಷಣ ಹಾರುತ್ತದೆ.

ತೋಟದ ಪಂಪ್‌ಸೆಟ್ಟಿಗೆ ಬರುವುದು ಮೂರು ಫೇಸ್, ಒಂದು ನ್ಯೂಟ್ರಲ್. ಟಿ.ಸಿ.ಯಿಂದ ಅರ್ಥ್ ತಂತಿ ಬರುವುದಿಲ್ಲ. ಮೋಟರಿಗೂ ಟಿ.ಸಿ.ಗೂ ನಡುವೆ ಮಣ್ಣೇ ದಾರಿ. ಒಂದೇ ಎಲೆಕ್ಟ್ರಿಷಿಯನ್, ಒಂದೇ ರೀತಿಯ ಶ್ರದ್ಧೆ, ಒಂದೇ ಬೆಲೆಯ ಸಾಮಾನು. ಫಲ ಮಾತ್ರ ಬೇರೆ.

ಘಟಕಗಳಿಗೂ ಒಂದು ಬಲಹೀನ ಜಾಗವಿದೆ: ಡಿ.ಜಿ. ಸೆಟ್. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಜನರೇಟರ್ ಓಡುತ್ತದೆ. ಅದರ ನ್ಯೂಟ್ರಲ್ಲನ್ನು ಅರ್ಥಿಗೆ ಕೂಡಿಸದಿದ್ದರೆ, ಮೊದಲ ಲೀಕ್ ಆದಾಗ ಕರೆಂಟಿಗೆ ಮರಳುವ ದಾರಿಯೇ ಇರುವುದಿಲ್ಲ. ಲೀಕೇಜ್ ಬ್ರೇಕರೂ ಸುಮ್ಮನಿರುತ್ತದೆ. ಯಾರಿಗೂ ಗೊತ್ತಾಗದ ಆ ಮೊದಲ ದೋಷದ ಮೇಲೆ ಬೇರೆ ಫೇಸಿನಲ್ಲಿ ಎರಡನೆಯದು ಬಂದಾಗ, ಎರಡು ಯಂತ್ರಗಳ ಮೈಗಳ ನಡುವೆ 415 ವೋಲ್ಟ್ ವ್ಯತ್ಯಾಸ ಬರಬಹುದು.

ಮಣ್ಣು ಒಣಗುವ ಹೊತ್ತಿಗೇ ಪಂಪ್ ಓಡುತ್ತದೆ

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ ಎಂದು ಭಾವಿಸಿದರೆ ತಪ್ಪಾಗುತ್ತದೆ. ಮಳೆ ಬೀಳುವುದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ರೊಬಸ್ಟಾ ಹೂವಿಗೆ ನೀರು ಹಾಯಿಸುವುದು, ಅದರ ಬೆನ್ನಿಗೆ ಬ್ಯಾಕಿಂಗ್ (ಎರಡನೇ ಸುತ್ತಿನ ನೀರು) ಕೊಡುವುದು ಮಣ್ಣು ಕಾದು ಒಣಗಿರುವ ಫೆಬ್ರುವರಿ, ಮಾರ್ಚಿನಲ್ಲಿ.

3 ಮೀಟರ್ ಉದ್ದದ ಮಾಮೂಲು ರಾಡ್ ಒಂದನ್ನು ನೆಟ್ಟಗೆ ಇಳಿಸಿದರೆ, ಮಣ್ಣಿನ ರೋಧಕತೆ 100 ಓಂ-ಮೀಟರ್ ಇರುವಲ್ಲಿ ಸುಮಾರು 33 ಓಂ ಬರುತ್ತದೆ. ಜಂಬಿಟ್ಟಿಗೆ ಮಣ್ಣು ಒಣಗಿ 500ಕ್ಕೆ ಏರಿದರೆ ಅದೇ ರಾಡ್ 165 ಓಂ. ಗದ್ದೆಯ ಬದಿಯಲ್ಲಿ ನೆಟ್ಟ ರಾಡಿಗೂ ಗುಡ್ಡದ ಮೇಲೆ ನೆಟ್ಟ ರಾಡಿಗೂ ಇರುವ ಅಂತರ ಇದಕ್ಕಿಂತ ಹೆಚ್ಚಿರಬಹುದು.

ಇದ್ದಲು, ಉಪ್ಪು ತುಂಬಿದ ಗುಂಡಿಯ ಕಥೆಯೂ ಇಲ್ಲಿ ಬೇರೆ. ಉಪ್ಪು ಮಣ್ಣಿನ ರೋಧವನ್ನು ಇಳಿಸುತ್ತದೆ, ನಿಜ. ಆದರೆ ಮಳೆನೀರು ಅದನ್ನು ಕರಗಿಸಿ ಕೆಳಗೆ ಒಯ್ಯುತ್ತದೆ, ಉಳಿದದ್ದು ಜಿ.ಐ. ಪೈಪನ್ನು ತಿನ್ನುತ್ತದೆ. ಕೆಲವು ಮಳೆಗಾಲ ಕಳೆದ ಗುಂಡಿಯಲ್ಲಿ ಮೇಲೆ ನೋಡಿದರೆ ಪೈಪು, ಕಾಂಕ್ರೀಟ್ ಚೌಕಟ್ಟು, ಬೋಲ್ಟ್ ಎಲ್ಲ ನೆಟ್ಟಗೆ ಕಾಣುತ್ತವೆ. ಮಣ್ಣಿನೊಳಗೆ ಪೈಪು ಅರ್ಧ ಸವೆದಿರುತ್ತದೆ. ಅಳೆದ ಹೊರತು ತಿಳಿಯುವುದಿಲ್ಲ. ಅಳೆಯಬೇಕಾದದ್ದೂ ಮಳೆಗಾಲದಲ್ಲಲ್ಲ, ಪಂಪ್ ಓಡಿಸುವ ಬೇಸಿಗೆಯಲ್ಲಿ. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಮಣ್ಣಿನ ಬಗೆ ಮತ್ತು ತೇವಕ್ಕೆ ಇಷ್ಟೊಂದು ಗಮನ ಕೊಡುವುದು ಇದಕ್ಕೇ.

ಸ್ಟಾರ್ಟ್ ಆಗುವ ಆ ಕೆಲವು ಸೆಕೆಂಡು

ಅರ್ಥಿಂಗಿಗೂ ಮೋಟರ್ ಸ್ಟಾರ್ಟ್ ಮಾಡುವುದಕ್ಕೂ ಏನು ಸಂಬಂಧ? ನೇರ ಸಂಬಂಧ ಕಾಣುವುದಿಲ್ಲ. ಹಂತಹಂತವಾಗಿ ಹೋದರೆ ಸಿಗುತ್ತದೆ.

ನಿಂತಿರುವ ಮೋಟರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ, ಅಂದರೆ ಡಿ.ಓ.ಎಲ್. ಸ್ಟಾರ್ಟರಿನಲ್ಲಿ, ಅದು ಮಾಮೂಲಿಯ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತದೆ. 10 ಎಚ್‌ಪಿಗೆ ಸರಿಸುಮಾರು 87 ಆಂಪಿಯರ್. ಈ ಕರೆಂಟ್ ಬರುವುದು ಎಲ್ಲಿಂದ? 25 ಕೆ.ವಿ.ಎ. ಟಿ.ಸಿ.ಯ ಪೂರ್ತಿ ಸಾಮರ್ಥ್ಯವೇ ಸುಮಾರು 33 ಆಂಪಿಯರ್. ಒಂದು ಮೋಟರ್ ಏಳುವಾಗ ಅದರ ಎರಡೂವರೆ ಪಟ್ಟು ಕೇಳುತ್ತದೆ. ಟಿ.ಸಿ.ಯೊಳಗೇ ಶೇ. 10ರ ಆಸುಪಾಸು ವೋಲ್ಟೇಜ್ ಕುಸಿಯುತ್ತದೆ. ಅಲ್ಲಿಂದ ಪಂಪ್ ಶೆಡ್ಡಿಗೆ ಒಂದು ಕಿಲೋಮೀಟರ್ ಎಲ್.ಟಿ. (ಲೋ ಟೆನ್ಶನ್) ಲೈನ್ ಇದ್ದರೆ ಇನ್ನೊಂದಷ್ಟು. ಒಟ್ಟಿನಲ್ಲಿ ಮೋಟರಿನ ಬಾಯಿಗೆ ತಲುಪುವುದು ಮುಕ್ಕಾಲು ಪಾಲು ವೋಲ್ಟೇಜ್. ಎಲ್.ಟಿ. ಗ್ರಾಹಕರಿಗೆ ಒಪ್ಪಿತವಾದ ಏರಿಳಿತ ಶೇ. 6 ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ.

ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೋಲ್ಟೇಜ್ ಮುಕ್ಕಾಲಾದರೆ ಬಲ ಶೇ. 56ಕ್ಕೆ ಇಳಿಯುತ್ತದೆ. ಸೆಂಟ್ರಿಫ್ಯೂಗಲ್ ಪಂಪಿಗೆ ಮೊದಲಲ್ಲಿ ಹೆಚ್ಚು ಬಲ ಬೇಡ, ಅದು ಹೇಗೋ ಏಳುತ್ತದೆ. ಹಣ್ಣು ತುಂಬಿಕೊಂಡು ನಿಂತ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಾಫಿ ತುಂಬಿದ ಹಲ್ಲರ್ (ಒಣ ಹೊಟ್ಟು ಬಿಡಿಸುವ ಯಂತ್ರ) ಏಳುವುದಿಲ್ಲ. ಏಳದೆ ಗುಂಯ್‌ಗುಟ್ಟುತ್ತ ಆ ಮುಕ್ಕಾಲು ವೋಲ್ಟೇಜಿನಲ್ಲೂ ಮಾಮೂಲಿಯ ಸುಮಾರು ನಾಲ್ಕೂವರೆ ಪಟ್ಟು ಕರೆಂಟ್ ಕುಡಿಯುತ್ತ ನಿಲ್ಲುತ್ತವೆ. ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೈಂಡಿಂಗಿನಲ್ಲಿ ಹುಟ್ಟುವ ಕಾವು ಸುಮಾರು 20 ಪಟ್ಟು. ವೈಂಡಿಂಗಿನ ಇನ್ಸುಲೇಶನ್ ತನ್ನ ಮಿತಿ ದಾಟಿ ಪ್ರತಿ 10 ಡಿಗ್ರಿ ಹೆಚ್ಚು ಕಾದಂತೆ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಅಂದಾಜು.

ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಸ್ಟಾರ್ಟಿಂಗ್ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಬಲವೂ ಅಷ್ಟೇ ಇಳಿಯುತ್ತದೆ. ಪಂಪಿಗೆ ಇದು ಒಳ್ಳೆಯದು. ಭಾರ ಹೊತ್ತು ಏಳಬೇಕಾದ ಯಂತ್ರಕ್ಕೆ ಯಂತ್ರ ಖಾಲಿ ಮಾಡಿ ಸ್ಟಾರ್ಟ್ ಮಾಡುವ ಶಿಸ್ತು ಇದ್ದರೆ ಮಾತ್ರ ಸರಿ. ಸಾಫ್ಟ್ ಸ್ಟಾರ್ಟರ್ ಕರೆಂಟನ್ನು ಮೂರು-ನಾಲ್ಕು ಪಟ್ಟಿಗೆ ಹಿಡಿದಿಡುತ್ತದೆ. ವಿ.ಎಫ್.ಡಿ. (ಮೋಟರಿನ ವೇಗವನ್ನು ನಿಯಂತ್ರಿಸುವ ಡ್ರೈವ್) ಅದನ್ನು ಮಾಮೂಲಿಯ ಹತ್ತಿರಕ್ಕೇ ತರುತ್ತದೆ, ಬಲವನ್ನೂ ಉಳಿಸುತ್ತದೆ. ಕ್ಯೂರಿಂಗ್ ಘಟಕದ ದೊಡ್ಡ ಮೋಟರುಗಳಿಗೆ ಅದೇ ಸರಿಯಾದ ಉತ್ತರ. ಆದರೆ ವಿ.ಎಫ್.ಡಿ.ಯಿಂದ ಹೊರಡುವ ಚೂಪಾದ ವೋಲ್ಟೇಜ್ ಅಲೆ ಉದ್ದದ ಕೇಬಲಿನ ತುದಿಯಲ್ಲಿ ಇಮ್ಮಡಿಯಾಗಬಹುದು. ಹತ್ತಾರು ವರ್ಷದ ಹಳೆಯ, ಎರಡು ಸಲ ರಿವೈಂಡ್ ಮಾಡಿಸಿದ ಮೋಟರಿನ ಇನ್ಸುಲೇಶನ್ ಅದನ್ನು ತಡೆಯುತ್ತದೆಯೇ ಎಂದು ಕೇಳಿಕೊಳ್ಳದೆ ವಿ.ಎಫ್.ಡಿ. ಕೂರಿಸಬಾರದು.

ತೋಟಗಳಲ್ಲಿ ಇನ್ನೊಂದು ಸಮಸ್ಯೆ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕ್ಷಣ ಪಂಪ್ ತಾನಾಗಿಯೇ ಏಳಲಿ ಎಂದು ಎಲ್ಲರೂ ಹಾಕಿಸಿಕೊಳ್ಳುತ್ತಾರೆ. ತ್ರೀ ಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲದವರಿಗೆ ಬೇರೆ ದಾರಿಯೂ ಇಲ್ಲ. ಪರಿಣಾಮ: ಫೀಡರ್ ಚಾರ್ಜ್ ಆದ ಕೂಡಲೇ ಆ ಲೈನಿನ ಎಲ್ಲ ಮೋಟರುಗಳೂ ಒಟ್ಟಿಗೆ ಆರಾರು ಪಟ್ಟು ಕೇಳುತ್ತವೆ. ಟಿ.ಸಿ. ಫ್ಯೂಸ್ ಹಾರುತ್ತದೆ. ಒಂದೊಂದು ಆಟೋ ಸ್ಟಾರ್ಟರಿಗೂ ಬೇರೆ ಬೇರೆ ವಿಳಂಬ ಇಟ್ಟರೆ, ಒಂದಕ್ಕೆ 30 ಸೆಕೆಂಡ್, ಪಕ್ಕದ ತೋಟದ್ದಕ್ಕೆ ಒಂದು ನಿಮಿಷ, ಈ ತೊಂದರೆ ಬಹುಪಾಲು ತಪ್ಪುತ್ತದೆ. ಅಕ್ಕಪಕ್ಕದ ಬೆಳೆಗಾರರು ಮಾತಾಡಿಕೊಂಡರೆ ಸಾಕು, ಖರ್ಚಿಲ್ಲ.

ರಕ್ಷಣೆ ಒಂದೊಂದಾಗಿ ಕಳಚುವ ಬಗೆ

ಈಗ ಸಂಬಂಧಕ್ಕೆ ಬರೋಣ. ಸ್ಟಾರ್ಟ್ ಮಾಡಿದಾಗಲೆಲ್ಲ ಫ್ಯೂಸ್ ಹಾರುತ್ತಿದ್ದರೆ, ನೀರು ಕಾಯುತ್ತಿರುವ ಗಿಡಗಳನ್ನು ಮುಂದಿಟ್ಟುಕೊಂಡು ಯಾರಾದರೂ ಏನು ಮಾಡುತ್ತಾರೆ? ಫ್ಯೂಸ್ ತಂತಿ ದಪ್ಪ ಮಾಡುತ್ತಾರೆ. ಪಂಪ್ ಶೆಡ್ಡುಗಳಲ್ಲಿ ಪಿಂಗಾಣಿಯ ಕಟ್‌ಔಟ್ ಬಿಚ್ಚಿದರೆ ಒಳಗೆ ಲೈನಿನ ಅಲ್ಯೂಮಿನಿಯಂ ಎಳೆ ಎರಡು ಸುತ್ತು ಸುತ್ತಿರುವುದು ಅಪರೂಪವಲ್ಲ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯ ಪುಟ್ಟ ಬಿರಡೆಯನ್ನು ಕೊನೆಯ ಅಂಕಿಗೆ ತಿರುಗಿಸಿಟ್ಟಿರುತ್ತಾರೆ. ಎರಡೇ ಫೇಸ್ ಇದ್ದಾಗ ಕೆಪಾಸಿಟರ್ ಜೋಡಿಸಿ ಓಡಿಸುವ ರೂಢಿಯೂ ಇದೆ.

ಲೀಕೇಜ್ ಬ್ರೇಕರಿನ ಗತಿಯೂ ಇದೇ. ಹಳೆಯ, ತೇವ ಹಿಡಿದ ಕೇಬಲಿನಲ್ಲಿ ಸ್ವಲ್ಪ ಲೀಕ್ ಇದ್ದೇ ಇರುತ್ತದೆ. ವಿ.ಎಫ್.ಡಿ. ಇದ್ದರೆ ಅದರ ಫಿಲ್ಟರಿನಿಂದಲೂ ಒಂದಿಷ್ಟು ಕರೆಂಟ್ ಅರ್ಥಿಗೆ ಹರಿಯುತ್ತದೆ. ಬ್ರೇಕರ್ ಪದೇ ಪದೇ ಬೀಳುತ್ತದೆ. ‘ಇದು ಸರಿಯಿಲ್ಲ’ ಎಂದು ಅದನ್ನು ಬೈಪಾಸ್ ಮಾಡುತ್ತಾರೆ. ದೊಡ್ಡ ಘಟಕಗಳಲ್ಲಿ ಅರ್ಥ್ ಫಾಲ್ಟ್ ರಿಲೇಗೂ ಇದೇ ಆಗುತ್ತದೆ: ಮೂರು ಫೇಸಿನ ಸಿ.ಟಿ.ಗಳನ್ನು (ಕರೆಂಟ್ ಅಳೆಯುವ ಉಂಗುರಗಳನ್ನು) ಕೂಡಿಸಿ ಲೆಕ್ಕ ಹಾಕುವ ರಿಲೇ, ಸ್ಟಾರ್ಟಿಂಗಿನ ಭಾರಿ ಕರೆಂಟಿಗೆ ಸಿ.ಟಿ.ಗಳು ಸಮನಾಗಿ ನಡೆದುಕೊಳ್ಳದೆ ಇಲ್ಲದ ದೋಷವನ್ನು ಕಾಣುತ್ತದೆ. ಮೂರೂ ಫೇಸ್ ತಂತಿಗಳನ್ನು ಒಟ್ಟಿಗೆ ಸುತ್ತುವ ಒಂದೇ ಉಂಗುರದ ಸಿ.ಟಿ. ಹಾಕಿದರೆ ಈ ಗೊಂದಲ ಬಹಳ ಮಟ್ಟಿಗೆ ಇಲ್ಲ. ಅದರ ಬದಲು ರಿಲೇಯ ಸೆಟ್ಟಿಂಗ್ ಏರಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು.

ಹೀಗೆ, ಸ್ಟಾರ್ಟಿಂಗಿನ ತೊಂದರೆ ನೀಗಿಸಲು ಹೋಗಿ ರಕ್ಷಣೆ ಕಳಚುತ್ತದೆ. ರಕ್ಷಣೆ ಕಳಚಿದ್ದರಿಂದ ಕೇಬಲ್, ವೈಂಡಿಂಗ್ ಮಿತಿ ಮೀರಿ ಕಾಯುತ್ತವೆ. ಕಾದ ಇನ್ಸುಲೇಶನ್ ಒಂದು ದಿನ ಬಿರಿಯುತ್ತದೆ. ಆಗ ಕಾಪಾಡಬೇಕಾದದ್ದು ಅರ್ಥಿಂಗ್ ಒಂದೇ. ಅದರ ಕೈಯಲ್ಲಿ ಅದು ಆಗುವುದಿಲ್ಲ ಎಂಬುದನ್ನು ಮೇಲೆ ನೋಡಿದೆವು. ಅಪಘಾತದ ಮರುದಿನ ಎಲ್ಲರೂ ನೋಡುವುದು ಈ ಕೊನೆಯ ಕೊಂಡಿಯನ್ನು ಮಾತ್ರ. ಮೊದಲ ಕೊಂಡಿ ಕಿಲೋಮೀಟರ್ ಆಚೆಯ ಸಣ್ಣ ಟಿ.ಸಿ.ಯಲ್ಲಿ, ಎಂದೋ ಕಡಿಮೆ ತೋರಿಸಿ ಮಂಜೂರು ಮಾಡಿಸಿದ ಲೋಡಿನಲ್ಲಿ ಇರಬಹುದು.

ಪಂಪ್‌ಸೆಟ್ಟುಗಳ 10 ಎಚ್‌ಪಿ ಮಿತಿಯ ಚರ್ಚೆಗೂ ಇದಕ್ಕೂ ನಂಟಿದೆ. ಉಚಿತ ವಿದ್ಯುತ್ ಆ ಮಿತಿಯೊಳಗೆ ಎಂದಾದಾಗ, ದಾಖಲೆಯಲ್ಲಿ 10 ಎಂದಿದ್ದು ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಮೋಟರ್ ಇದ್ದರೆ, ಟಿ.ಸಿ., ಲೈನ್, ಫ್ಯೂಸ್ ಯಾವುದನ್ನೂ ನಿಜವಾದ ಭಾರಕ್ಕೆ ತಕ್ಕಂತೆ ಆಯ್ದಿರುವುದಿಲ್ಲ. ಕಾಫಿ ಬೆಳೆಗಾರರಿಗೆ ರಿಯಾಯಿತಿ ಇರಬೇಕೇ ಬೇಡವೇ ಎಂಬುದು ಬೇರೆ ವಾದ. ಇದ್ದ ಲೋಡನ್ನು ಇದ್ದ ಹಾಗೆ ಬರೆಸಿದರೆ ಶಿಕ್ಷೆಯಾಗದಂಥ ವ್ಯವಸ್ಥೆ ಬೇಕು ಎಂಬುದು ಸುರಕ್ಷತೆಯ ವಾದ. ಎರಡನ್ನೂ ಬೆರೆಸಬಾರದು.

ಮಳೆಗಾಲ ಕೇಬಲಿನಲ್ಲಿ ಬಿಟ್ಟುಹೋಗುವುದು

ನೀರಾವರಿ ಮೋಟರ್ ಜೂನ್‌ನಿಂದ ಜನವರಿವರೆಗೆ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಕೊಡಗಿನ ಮಳೆಗಾಲದ ತೇವ ವೈಂಡಿಂಗ್ ಸೇರುತ್ತದೆ, ಟರ್ಮಿನಲ್ ಪೆಟ್ಟಿಗೆಯಲ್ಲಿ ಜೇಡ, ಇರುವೆ ಗೂಡು ಕಟ್ಟುತ್ತವೆ, ಇಲಿ ಕೇಬಲ್ ಕಡಿಯುತ್ತದೆ. ಫೆಬ್ರುವರಿಯಲ್ಲಿ ಬಟನ್ ಒತ್ತಿದ ಮೊದಲ ಸಲವೇ ಮೋಟರ್ ಸುಟ್ಟರೆ ‘ವೋಲ್ಟೇಜ್ ಸರಿಯಿರಲಿಲ್ಲ’ ಎನ್ನುತ್ತಾರೆ. ಎಷ್ಟೋ ಸಲ ಸುಟ್ಟದ್ದು ಒದ್ದೆ ಇನ್ಸುಲೇಶನ್.

500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ಹಿಡಿದು ವೈಂಡಿಂಗಿಗೂ ಮೈಗೂ ನಡುವೆ ಅಳೆದರೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ. 1 ಮೆಗಾಓಂಗಿಂತ ಕಡಿಮೆ ಬಂದರೆ ಸ್ಟಾರ್ಟ್ ಮಾಡಲೇಬಾರದು. ಮೋಟರ್ ಬಿಚ್ಚಿ ಒಳಗೆ ಹಳೆಯ ಬಗೆಯ ತಂತು ಬಲ್ಬ್ ಉರಿಸಿಟ್ಟು ನಿಧಾನವಾಗಿ ಒಣಗಿಸಿ ಮತ್ತೆ ಅಳೆಯುವುದು ವೈಂಡಿಂಗ್ ಅಂಗಡಿಯವರಿಗೆಲ್ಲ ಗೊತ್ತಿರುವ ಕೆಲಸ. ರಿವೈಂಡಿಂಗಿನ ಖರ್ಚಿನ ಮುಂದೆ ಇದು ಏನೂ ಅಲ್ಲ.

ದೊಡ್ಡ ಘಟಕಗಳು 11 ಕೆ.ವಿ. ಕೇಬಲ್ ಕೊಳ್ಳುವಾಗ ಬೇರೆ ಪ್ರಶ್ನೆ ಬರುತ್ತದೆ: ಅರ್ಥ್ಡ್ ದರ್ಜೆಯೋ, ಅನ್‌ಅರ್ಥ್ಡ್ ದರ್ಜೆಯೋ? ನ್ಯೂಟ್ರಲ್ಲನ್ನು ನೇರವಾಗಿ ಅರ್ಥಿಗೆ ಕೂಡಿಸಿದ ವ್ಯವಸ್ಥೆಯಲ್ಲಿ ಒಂದು ಫೇಸ್ ನೆಲಕ್ಕೆ ತಗುಲಿದರೂ ಉಳಿದೆರಡು ಫೇಸ್‌ಗಳ ವೋಲ್ಟೇಜ್ ನೆಲಕ್ಕೆ ಹೋಲಿಸಿದರೆ ಬಹಳ ಏರುವುದಿಲ್ಲ, ಬ್ರೇಕರೂ ಬೇಗ ಬೀಳುತ್ತದೆ. ಅಲ್ಲಿ 6.35/11 ದರ್ಜೆ ಸಾಕು. ನ್ಯೂಟ್ರಲ್ಲಿನಲ್ಲಿ ರೆಸಿಸ್ಟರ್ ಇಟ್ಟ ಅಥವಾ ನ್ಯೂಟ್ರಲ್ಲನ್ನು ತೇಲಿಬಿಟ್ಟ ವ್ಯವಸ್ಥೆಯಲ್ಲಿ ಉಳಿದೆರಡು ಫೇಸ್‌ಗಳು 1.73 ಪಟ್ಟು, ಅಂದರೆ 6.35ರಿಂದ 11 ಕೆ.ವಿ.ಗೆ ಏರುತ್ತವೆ. ದೋಷ ಗಂಟೆಗಟ್ಟಲೆ ಉಳಿದರೆ ಇನ್ಸುಲೇಶನ್ ಅದನ್ನು ತಾಳಬೇಕು, ಹಾಗಾಗಿ 11/11 ದರ್ಜೆ. ದೊಡ್ಡ ಉದ್ಯಮಗಳು ಬೇಕೆಂದೇ ರೆಸಿಸ್ಟರ್ ಇಡುವುದು ದೋಷದ ಕರೆಂಟ್ ತಗ್ಗಿಸಿ ಮೋಟರಿನ ಕಬ್ಬಿಣದ ತಿರುಳು ಕರಗದಂತೆ ನೋಡಿಕೊಳ್ಳಲು. ತೋಟದ ಪಂಪಿಗೆ ಈ ಚಿಂತೆಯಿಲ್ಲ, ಮಾರುಕಟ್ಟೆಯ 1.1 ಕೆ.ವಿ. ದರ್ಜೆ ಎಲ್ಲಕ್ಕೂ ಸಾಲುತ್ತದೆ. ಆದರೆ ಎರಡೂ ಕಡೆ ಒಂದು ಮಾತು ಸಮಾನ: ನೀರು ನಿಲ್ಲುವ ಕಾಲುವೆಯಲ್ಲಿ ಹೂತ ಕೇಬಲಿಗೆ, ಅದರಲ್ಲೂ ಬಯಲಲ್ಲಿ ಟೇಪ್ ಸುತ್ತಿ ಹಾಕಿದ ಜಾಯಿಂಟಿಗೆ, ಯಾವ ದರ್ಜೆಯೂ ಆಯಸ್ಸು ಕೊಡಲಾರದು.

ಏಣಿ ಮತ್ತು ಲೈನ್

ಮೆಣಸಿನ ಏಣಿಯ ಅಪಘಾತ ಬೇರೆ ಜಾತಿಯದು. ಮೇಲೆ ಹೇಳಿದ ಲೀಕೇಜ್ ಬ್ರೇಕರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತೋಟದ ಮೇಲೆ ಹಾದುಹೋಗುವ 11 ಕೆ.ವಿ. ಲೈನಿಗೂ ತೋಟದ ಮೀಟರಿಗೂ ಸಂಬಂಧವೇ ಇಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, ರಸ್ತೆಯ ಮೇಲಲ್ಲದೆ ಬೇರೆ ಕಡೆ ಹೋಗುವ 11 ಕೆ.ವಿ.ವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು. ಅಂದರೆ ಸುಮಾರು 15 ಅಡಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯುವ ಏಣಿ 20 ಅಡಿ, 30 ಅಡಿ ಇರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಅದನ್ನು ನೆಟ್ಟಗೆ ಹಿಡಿದೇ ಸಾಗಿಸುತ್ತಾರೆ, ಗಿಡಗಳ ನಡುವೆ ಮಲಗಿಸಲು ಜಾಗವಿಲ್ಲ. ‘ಲೈನ್ ನಿಯಮದಂತೆ ಇತ್ತು’ ಎಂಬುದೂ, ‘ಏಣಿ ತಗುಲಿತು’ ಎಂಬುದೂ ಒಟ್ಟಿಗೆ ನಿಜ. ಗದ್ದೆಬಯಲಿಗೆ ಸಾಕಾಗುವ ಎತ್ತರ ಮೆಣಸಿನ ತೋಟಕ್ಕೆ ಸಾಲದು. ಕೊಡಗಿನಲ್ಲಿ ಇದನ್ನು ಯಾರ ತಪ್ಪು ಎಂದು ಕೇಳುವ ಮೊದಲು ಈ 15 ಅಡಿಯನ್ನು ಪ್ರಶ್ನಿಸಬೇಕು.

ಪರಿಹಾರದ ಬಗ್ಗೆ ಮೂರು ವಾದಗಳಿವೆ. ಭೂಗತ ಕೇಬಲ್ ಹಾಕಿ ಎನ್ನುವವರಿದ್ದಾರೆ. ಅದು ಏಣಿಯಿಂದ ಪಾರುಮಾಡುತ್ತದೆ, ಆದರೆ ದುಬಾರಿ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದ ನಾಡಿನಲ್ಲಿ ನೆಲದೊಳಗಿನ ಕೇಬಲಿನ ದೋಷ ಹುಡುಕಿ ದುರಸ್ತಿ ಮಾಡುವುದು ಸುಲಭವಲ್ಲ. ಹೊದಿಕೆಯ ತಂತಿ ಎಂಬುದು ಎರಡನೆಯ ವಾದ. ಮರದ ಕೊಂಬೆ ತಾಗಿದರೂ ಲೈನ್ ಬೀಳದಂತೆ ಅದು ತಡೆಯುತ್ತದೆ. ಆದರೆ 11 ಕೆ.ವಿ.ಯ ಹೊದಿಕೆ ತಂತಿ ಮುಟ್ಟಲು ಸುರಕ್ಷಿತವಲ್ಲ ಎಂಬುದನ್ನು ಜನರಿಗೆ ಸ್ಪಷ್ಟವಾಗಿ ಹೇಳದಿದ್ದರೆ ಹೊಸ ಅಪಾಯ ತಂದಂತೆ. ಮೂರನೆಯದು ಏಣಿಯನ್ನೇ ಬದಲಿಸುವುದು: ಫೈಬರ್ ಏಣಿ, ಅಥವಾ ಹಿಂದಿನ ಬಿದಿರಿನ ಏಣಿ. ಫೈಬರ್ ಏಣಿಗೆ ಬೆಲೆ ಹೆಚ್ಚು. ಮಂಜು, ಮಳೆಗೆ ನೆಂದ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಲೈನ್ ಹಾದುಹೋಗುವ ಪಟ್ಟಿಯಲ್ಲಿರುವ ಮರಗಳಿಗೆ ಮೆಣಸು ಹಬ್ಬಿಸದಿರುವುದು, ಕೊಯ್ಲಿನ ದಿನ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿಕೊಳ್ಳುವುದು ಈ ವರ್ಷವೇ ಆಗಬಹುದಾದ ಕೆಲಸ. ಉಳಿದವು ಹಣ ಮತ್ತು ವರ್ಷಗಳನ್ನು ಕೇಳುತ್ತವೆ.

ಹರಿದು ಬಿದ್ದ ತಂತಿಯ ಒಗಟೂ ಮಣ್ಣಿನದೇ. ಒಣ ತರಗೆಲೆ, ಜಂಬಿಟ್ಟಿಗೆ ನೆಲದ ಮೇಲೆ ಬಿದ್ದ 11 ಕೆ.ವಿ. ತಂತಿಯಿಂದ ಹರಿಯುವ ಕರೆಂಟ್ ಕೆಲವೇ ಆಂಪಿಯರ್ ಇರಬಹುದು. ನೂರಾರು ಆಂಪಿಯರ್ ಹೊರುವ ಫೀಡರಿನ ರಿಲೇಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ನೆಲಕ್ಕೆ ಬಿದ್ದ ತಂತಿ ಸತ್ತಿದೆ ಎಂದು ಯಾರೂ ಊಹಿಸಬಾರದು. ಹತ್ತು ಮೀಟರ್ ದೂರ ಉಳಿದು ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂಗೆ ತಿಳಿಸಬೇಕು. ಹತ್ತಿರ ಸಿಕ್ಕಿಕೊಂಡವರು ದೊಡ್ಡ ಹೆಜ್ಜೆ ಹಾಕದೆ, ಎರಡೂ ಪಾದ ಜೋಡಿಸಿಕೊಂಡು ನೆಲದಿಂದ ಎತ್ತದೆ ಸರಿಯುತ್ತ ಹೊರಬರಬೇಕು. ಎರಡು ಪಾದಗಳ ನಡುವಿನ ಅಂತರ ಹೆಚ್ಚಿದಷ್ಟೂ ಅವುಗಳ ನಡುವಿನ ವೋಲ್ಟೇಜ್ ಹೆಚ್ಚುತ್ತದೆ.

ಹೊಣೆ ಎಲ್ಲಿ ಬದಲಾಗಬೇಕು

ಮೀಟರ್‌ವರೆಗೆ ಇಲಾಖೆಯ ಹೊಣೆ, ಮೀಟರಿನಾಚೆ ಗ್ರಾಹಕರ ಹೊಣೆ. ಕಾಗದದ ಮೇಲೆ ಇದು ಸರಿ. ಆದರೆ ದೋಷದ ಕರೆಂಟ್ ಆ ಗಡಿಯನ್ನು ನೋಡುವುದಿಲ್ಲ. ಗ್ರಾಹಕರ ಮೋಟರಿನಿಂದ ಹೊರಟು ಇಲಾಖೆಯ ಟಿ.ಸಿ. ಅರ್ಥಿಂಗ್ ಮೂಲಕ ಮರಳುತ್ತದೆ. ಲೀಕೇಜ್ ರಕ್ಷಣೆ ಕಡ್ಡಾಯ ಎಂದು ಸುರಕ್ಷತಾ ನಿಯಮಗಳು ಹೇಳುತ್ತವೆ. ಮೂರು ಫೇಸಿನ ಸ್ಥಿರ ಮೋಟರಿನ ಮೈಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಇರಬೇಕು ಎಂದೂ ಹೇಳುತ್ತವೆ. ಸಂಪರ್ಕ ಕೊಟ್ಟ ದಿನ ಇವು ಇದ್ದವೇ ಎಂದು ನೋಡುವುದಕ್ಕಿಂತ, ಐದು ವರ್ಷದ ನಂತರವೂ ಇವೆಯೇ ಎಂದು ನೋಡುವವರು ಯಾರು ಎಂಬುದು ಈಗ ಉತ್ತರ ಬೇಕಾದ ಪ್ರಶ್ನೆ.

ವಿದ್ಯುತ್ ಕಾಯ್ದೆ 2003ರ 161ನೇ ಸೆಕ್ಷನ್ ಪ್ರಕಾರ ಅಪಘಾತಗಳ ಬಗ್ಗೆ ವಿದ್ಯುತ್ ಪರಿವೀಕ್ಷಕರು ವಿಚಾರಣೆ ನಡೆಸಬಹುದು. ಆ ವರದಿಗಳಲ್ಲಿ ಅರ್ಥಿಂಗ್ ಇತ್ತೇ ಇಲ್ಲವೇ ಎಂಬ ಒಂದು ಸಾಲಿನ ಜೊತೆಗೆ ನಾಲ್ಕು ಅಂಕಿಗಳು ಸೇರಬೇಕು: ಎರಡೂ ಕಡೆಯ ಅರ್ಥಿಂಗ್ ರೋಧ, ಕಟ್‌ಔಟಿನಲ್ಲಿದ್ದ ತಂತಿಯ ಗಾತ್ರ, ಸ್ಟಾರ್ಟ್ ಮಾಡುವಾಗಿನ ವೋಲ್ಟೇಜ್, ಮಂಜೂರಾದ ಲೋಡಿಗೂ ಇದ್ದ ಮೋಟರಿಗೂ ಇರುವ ವ್ಯತ್ಯಾಸ. ಈ ಅಂಕಿಗಳು ಸಾರ್ವಜನಿಕರಿಗೆ ಸಿಕ್ಕರೆ ಮುಂದಿನ ಅಪಘಾತದ ನಂತರದ ಚರ್ಚೆ ಹೇಳಿಕೆಗಳ ಮೇಲಲ್ಲ, ಅಳತೆಗಳ ಮೇಲೆ ನಡೆಯುತ್ತದೆ.

ಬೆಳೆಗಾರರಿಗೆ ಪಂಪು, ಸ್ಪ್ರಿಂಕ್ಲರಿಗೆ ಸಹಾಯಧನ ಕೊಡುವ ಯೋಜನೆಗಳು ಅದೇ ಅರ್ಜಿಯಲ್ಲಿ ಲೀಕೇಜ್ ಬ್ರೇಕರನ್ನೂ ಸರಿಯಾದ ಸ್ಟಾರ್ಟರನ್ನೂ ಸೇರಿಸಿದರೆ ಯೋಜನೆಯ ಮೊತ್ತ ಹೆಚ್ಚೇನೂ ಏರುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳ ವಿಷಯದಲ್ಲಿ ಮಾತ್ರ ಯೋಜನೆಗೆ ಕಾಯುವ ಅಗತ್ಯವೂ ಇಲ್ಲ. ಪಂಪ್ ಶೆಡ್ಡಿನ ಬೋರ್ಡಿನಿಂದಲೇ ವೈರ್ ಎಳೆದು ಕೊಟ್ಟ ಮನೆಗಳಲ್ಲಿ, ಮೋಟರಿನ ದೋಷದ ವೋಲ್ಟೇಜ್ ಅದೇ ಅರ್ಥ್ ತಂತಿಯ ಮೂಲಕ ಮನೆಯ ಕಬ್ಬಿಣದ ಸಾಮಾನುಗಳಿಗೂ ತಲುಪಬಹುದು. ಆ ಮನೆಗಳಿಗೆ ಪ್ರತ್ಯೇಕ ಲೈನ್, ಪ್ರತ್ಯೇಕ ಅರ್ಥಿಂಗ್, 30 ಮಿಲಿ ಆಂಪಿಯರಿನ ಬ್ರೇಕರ್ ಹಾಕಿಸುವುದು ತೋಟದ ಮಾಲೀಕರ ಕೈಯಲ್ಲೇ ಇದೆ. ಕೂಲಿ ಮುಗಿಸಿ ಬಂದು ಮಕ್ಕಳೊಡನೆ ಮಲಗುವವರ ಮನೆ ಅದು. ಈ ಫೆಬ್ರುವರಿಯಲ್ಲಿ ಮೊದಲ ಪಂಪ್ ಏಳುವ ಮುಂಚೆಯೇ ಅಲ್ಲಿ ಆ ಬ್ರೇಕರ್ ಇರಬೇಕು.